ಬಾತ್ ಬಾಂಬ್ ಹಾಕ್ಕೊಂಡು ಮನೇಲೇ ಆರಾಮಾಗಿ ಬಿಸಿನೀರಲ್ಲಿ ಕೂರೋದು: ಪದೇ ಪದೇ ಕೇಳೋ ಪ್ರಶ್ನೆಗಳು

ಬರ್ತ್‌ಡೇಗೆ ಯಾರೋ ಗಿಫ್ಟ್ ಬಾಕ್ಸ್ ಕೊಟ್ಟಿರ್ತಾರೆ, ಇಲ್ಲಾಂದ್ರೆ ಆನ್‌ಲೈನಲ್ಲಿ ಆಫರ್ ಇತ್ತು ಅಂತ ತರಿಸಿರ್ತೀರ, ಬಣ್ಣಬಣ್ಣದ ಉಂಡೆ ಕೈಗೆ ಬಂದ್ಮೇಲೆ ಬಚ್ಚಲುಮನೆ ಕಡೆ ನೋಡಿದ್ರೆ ಅಲ್ಲಿರೋದು ಒಂದು ಬಕೆಟ್ಟು, ಒಂದು ಮಗ್ಗು. ಇದನ್ನ ಹೇಗೆ ಬಳಸೋದು, ಯಾರು ಬಳಸ್ಬಾರ್ದು, ಮನೇಲೇ ಮಾಡ್ಕೋಬೋದಾ ಅಂತ ತುಂಬಾ ಜನ ಕೇಳ್ತಾರೆ, ಅದಕ್ಕೇ ಎಲ್ಲಾನೂ ಒಂದೇ ಕಡೆ ಬರೆದಿದೀನಿ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ: ಮೈಗೆ ಆರಾಮ ಕೊಡೋದು ಹದವಾದ ಬಿಸಿನೀರು ಮತ್ತೆ ಫೋನ್ ಪಕ್ಕಕ್ಕಿಟ್ಟು ಸುಮ್ನೆ ಕೂರೋ ಹದಿನೈದು ನಿಮಿಷ. ಉಂಡೆ ಅದಕ್ಕೆ ಪರಿಮಳ, ಬಣ್ಣ, ಒಂಚೂರು ಖುಷಿ ಸೇರಿಸತ್ತೆ. ಹಾಗಾಗಿ ದೊಡ್ಡ ಟಬ್ಬೂ ಬೇಡ, ಇಡೀ ಉಂಡೆನೂ ಬೇಡ.

ಈ ಬಾತ್ ಬಾಂಬ್ ಅಂದ್ರೆ ಅಸಲಿಗೆ ಏನು? ಒಳಗೆ ಏನಿರತ್ತೆ?

ಮುಖ್ಯವಾಗಿ ಎರಡೇ ವಸ್ತು, ಅಡುಗೆ ಸೋಡಾ ಮತ್ತೆ ಸಿಟ್ರಿಕ್ ಆಸಿಡ್. ಎರಡೂ ಒಣಗಿರೋವಾಗ ಜೊತೇಲೇ ಸುಮ್ನಿರತ್ವೆ, ನೀರು ತಾಗಿದ ತಕ್ಷಣ ಸೇರ್ಕೊಂಡು ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬರತ್ತೆ, ಆ ಗ್ಯಾಸಿನ ಗುಳ್ಳೆಗಳೇ ಬುಸ್ ಅಂತ ನೊರೆ ಎಬ್ಬಿಸೋದು. ಹೊಟ್ಟೆ ಉರಿ ಅಂದಾಗ ನೀರಿಗೆ ಹಾಕ್ಕೊಂಡು ಕುಡಿಯೋ ಈನೋದಲ್ಲೂ ನಡೆಯೋದು ಇದೇ. ಗ್ಯಾಸ್ ಹೋದ್ಮೇಲೆ ನೀರಲ್ಲಿ ಉಳಿಯೋದು ಸೋಡಿಯಂ ಸಿಟ್ರೇಟ್ ಅನ್ನೋ ಸಾಧಾರಣ ಲವಣ. ಇದರ ಮೇಲೆ ಕಾರ್ನ್‌ಫ್ಲೋರು, ಎಪ್ಸಮ್ ಸಾಲ್ಟು (ಮೆಗ್ನೀಷಿಯಂ ಸಲ್ಫೇಟ್ ಅನ್ನೋ ಲವಣ), ಕೊಬ್ಬರಿ ಎಣ್ಣೆ ಅಥ್ವಾ ಬೇರೆ ಎಣ್ಣೆ, ಸೆಂಟು, ಬಣ್ಣ, ಇವೆಲ್ಲ ಕಂಪನಿ ಕಂಪನಿಗೆ ಬದಲಾಗತ್ತೆ.

ಮುಚ್ಚಿರೋ ಬಾತ್‌ರೂಮಲ್ಲಿ ಅಷ್ಟು ಗ್ಯಾಸ್ ಬಂದ್ರೆ ಉಸಿರು ಕಟ್ಟಲ್ವಾ ಅಂತ ಕೇಳೋರಿದಾರೆ. 100 ಗ್ರಾಂ ಉಂಡೇಲಿ 30 ಗ್ರಾಂ ಸಿಟ್ರಿಕ್ ಆಸಿಡ್ ಇದ್ರೆ ಹೆಚ್ಚುಕಮ್ಮಿ 11 ಲೀಟರ್ ಗ್ಯಾಸ್ ಬರತ್ತೆ, ಚಿಕ್ಕ ಬಾತ್‌ರೂಮಲ್ಲೂ ಕೆಲವು ಸಾವಿರ ಲೀಟರ್ ಗಾಳಿ ಇರತ್ತೆ, ಹಾಗಾಗಿ ಅದ್ರಿಂದ ಏನೂ ಆಗಲ್ಲ. ಬಾತ್‌ರೂಮಲ್ಲಿ ನಿಜವಾಗ್ಲೂ ಹೆದರ್ಬೇಕಾದ ಗ್ಯಾಸ್ ಬೇರೆ ಇದೆ, ಕೆಳಗೆ ಬರೆದಿದೀನಿ, ದಯವಿಟ್ಟು ಅದನ್ನ ಮಾತ್ರ ಬಿಟ್ಟು ಮುಂದಕ್ಕೆ ಹೋಗ್ಬೇಡಿ.

ಇದನ್ನ ಯಾರು ಕಂಡುಹಿಡಿದಿದ್ದು?

ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ ಅನ್ನೋ ಮಹಿಳೆ, 1989ರಲ್ಲಿ, ಡಾರ್ಸೆಟ್‌ನಲ್ಲಿದ್ದ ತಮ್ಮ ಮನೆ ಶೆಡ್ಡಲ್ಲಿ. ಆಲ್ಕಾ ಸೆಲ್ಟ್ಸರ್ ಅಂತ ನೀರಿಗೆ ಹಾಕಿದ್ರೆ ಬುಸ್ ಅನ್ನೋ ಮಾತ್ರೆ ಇದ್ಯಲ್ಲ, ಅದನ್ನ ನೋಡಿ ಹೊಳೆದ ಐಡಿಯಾ. ಆಮೇಲೆ 1995ರಲ್ಲಿ ಅವ್ರು, ಅವ್ರ ಗಂಡ, ಇನ್ನೊಂದಿಷ್ಟು ಜನ ಸೇರಿ ಲಶ್ ಕಂಪನಿ ಶುರು ಮಾಡಿದ್ರು. ಅಲ್ಲಿ ಮನೆಮನೇಲೂ ಟಬ್ ಇರೋದ್ರಿಂದ ಉಂಡೆ ಸೈಜೂ ಟಬ್ಬಿನ ಲೆಕ್ಕಕ್ಕೇ ಬಂತು, ಆ ಸೈಜು ನಮ್ಮ ಬಕೆಟ್ಟಿಗೆ ತೀರಾ ಜಾಸ್ತಿ ಅನ್ನೋದು ನೆನಪಿರ್ಲಿ.

ನಮ್ಮನೇಲಿ ಟಬ್ ಇಲ್ಲ. ಬಕೆಟ್ ಸ್ನಾನ. ಬಾತ್ ಬಾಂಬ್ ವೇಸ್ಟ್ ತಾನೆ?

ಖಂಡಿತ ಅಲ್ಲ. ಕಾಲಿಗೆ ಬಳಸಿ. ದಿನಾ ಬಸ್ಸಲ್ಲಿ ನಿಂತ್ಕೊಂಡು ಹೋಗಿಬರೋರು, ಅಂಗಡೀಲಿ ಇಡೀ ದಿನ ನಿಂತಿರೋರು, ಟೀಚರ್‌ಗಳು, ನರ್ಸ್‌ಗಳು, ಇವ್ರಿಗೆ ಇಡೀ ಮೈ ನೆನೆಸೋದಕ್ಕಿಂತ ಕಾಲು ನೆನೆಸೋದೇ ಹೆಚ್ಚು ಸುಖ ಅಂತ ನಾನು ಹೇಳ್ತೀನಿ.

ಎರಡು ಪಾದಾನೂ ಆರಾಮಾಗಿ ಕೂರೋ ಅಗಲವಾದ ಟಬ್ ತಗೊಳ್ಳಿ, ಬಟ್ಟೆ ನೆನೆಸೋ ಪ್ಲಾಸ್ಟಿಕ್ ಟಬ್ ಬೇಕಾದಷ್ಟಾಯ್ತು, ಆದ್ರೆ ಸರ್ಫ್ ಅಂಟಿರ್ಬಾರ್ದು, ಚೆನ್ನಾಗಿ ತೊಳೀರಿ. 10 ಲೀಟರ್ ನೀರು ಸಾಕು. ಗೀಸರ್ ನೀರು 60 ಡಿಗ್ರಿ, ನಲ್ಲಿ ನೀರು 25 ಡಿಗ್ರಿ ಇದೆ ಅಂತ ಇಟ್ಕೊಂಡ್ರೆ 6 ಲೀಟರ್ ತಣ್ಣೀರಿಗೆ 4 ಲೀಟರ್ ಬಿಸಿನೀರು ಸೇರಿಸಿ, ಸರಿಯಾಗಿ 39 ಡಿಗ್ರಿ ಹತ್ರ ಬರತ್ತೆ. ಮೊದ್ಲು ತಣ್ಣೀರು ಹಾಕಿ ಆಮೇಲೆ ಬಿಸಿನೀರು ಬೆರೆಸಿ, ಉಲ್ಟಾ ಮಾಡಿದ್ರೆ ಅಪ್ಪಿತಪ್ಪಿ ಕಾಲಿಟ್ಟು ಸುಟ್ಕೊಳ್ಳೋ ಚಾನ್ಸ್ ಇರತ್ತೆ.

ಉಂಡೇನ ಚಾಕು ಹಿಡಿದು ಕೊರೀಬೇಡಿ, ಪುಡಿಪುಡಿ ಆಗತ್ತೆ. ಕವರ್ ಬಿಚ್ಚದೆ ಹಾಗೇ ನೆಲದ ಮೇಲಿಟ್ಟು ಲಟ್ಟಣಿಗೆಯಿಂದ ಒಂದೇಟು ಕೊಡಿ, ಮೂರೋ ನಾಲ್ಕೋ ತುಂಡಾಗತ್ತೆ. ನಿಂಬೆಹಣ್ಣಿನಲ್ಲಿ ಅರ್ಧದಷ್ಟು ದಪ್ಪ ಇರೋ ಒಂದು ತುಂಡು ಒಂದು ಸಲಕ್ಕೆ ಸಾಕು. ಉಳಿದಿದ್ದನ್ನ ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿಡಿ. ತುಂಡನ್ನ ನೀರಿಗೆ ಬಿಟ್ಟಾಗ ಮೊದ್ಲು ಅಂಚಿಂದ ಸಣ್ಣ ಗುಳ್ಳೆ ಸಾಲಾಗಿ ಏಳತ್ತೆ, ಆಮೇಲೆ ತುಂಡು ತಿರುಗ್ತಾ ತಿರುಗ್ತಾ ಟಬ್ ಅಂಚಿಗೆ ಹೋಗಿ ತಾಗತ್ತೆ, ಒಂದೆರಡು ನಿಮಿಷದಲ್ಲಿ ಪೂರ್ತಿ ಕರಗಿಹೋಗತ್ತೆ. ಆವಾಗ ಕಾಲಿಡಿ. 15 ನಿಮಿಷ ಬಿಟ್ಟು ತೆಗೆದು, ಟವೆಲ್ಲಲ್ಲಿ ಬೆರಳಿನ ಸಂದು ಸಮೇತ ಒರೆಸ್ಕೊಳ್ಳಿ, ಸಂದೀಲಿ ತೇವ ಉಳಿದ್ರೆ ಫಂಗಸ್ ಆಗತ್ತೆ. ಹಿಮ್ಮಡಿ ಒಡೆದಿರೋರು ಈ ಟೈಮಲ್ಲೇ ವ್ಯಾಸಲೀನೋ ಕೊಬ್ಬರಿ ಎಣ್ಣೆನೋ ಹಚ್ಚಿ ಕಾಟನ್ ಸಾಕ್ಸ್ ಹಾಕ್ಕೊಂಡು ಮಲಗಿದ್ರೆ ಬೆಳಿಗ್ಗೆ ವ್ಯತ್ಯಾಸ ಕೈಗೇ ಗೊತ್ತಾಗತ್ತೆ.

ಬಕೆಟ್ಟಿಗೆ ಹಾಕಿ ಅದೇ ನೀರು ಮಗ್ಗಲ್ಲಿ ತಲೆ ಮೇಲಿಂದ ಹುಯ್ಕೊಳ್ಳೋದು ಮಾತ್ರ ಬೇಡ. ಸೆಂಟು, ಬಣ್ಣ ಎಲ್ಲ ಕಣ್ಣಿಗೆ ಇಳಿಯತ್ತೆ, ಸೋಡಾ ನೀರು ಕೂದ್ಲನ್ನ ಒರಟು ಮಾಡತ್ತೆ.

ಟಬ್ ಇದೆ. ಸರಿಯಾದ ಕ್ರಮ ಏನು?

ಮೊದ್ಲು ನೀರು ತುಂಬಿಸಿ, ನಲ್ಲಿ ನಿಲ್ಲಿಸಿ, ಬಿಸಿ ನೋಡ್ಕೊಂಡು, ಆಮೇಲೆ ಉಂಡೆ ಬಿಡಿ. ನೀರು ಬೀಳ್ತಿರೋವಾಗ್ಲೇ ಹಾಕಿದ್ರೆ ನೀವು ಒಳಗೆ ಇಳಿಯೋ ಹೊತ್ತಿಗೆ ಆಟ ಮುಗಿದಿರತ್ತೆ. ನೀರು ಬಿಸಿ ಇದ್ದಷ್ಟೂ ಬೇಗ ಕರಗತ್ತೆ. ಕರಗಿದ್ಮೇಲೆ ಕೈಯಲ್ಲಿ ಒಂದ್ಸಲ ಕಲಕಿ, ಎಣ್ಣೆ ಒಂದೇ ಕಡೆ ತೇಲ್ತಿದ್ರೆ ಸರಿಹೋಗತ್ತೆ. ನೀರು ರಭಸವಾಗಿ ಚಿಮ್ಮೋ ಜಕೂಝಿ ಥರದ ಟಬ್ಬಿಗೆ ಹಾಕಲೇಬೇಡಿ, ಎಣ್ಣೆನೂ ಹೊಳೆಯೋ ಪುಡಿನೂ ಪೈಪೊಳಗೆ ಸೇರ್ಕೊಂಡ್ರೆ ಕ್ಲೀನ್ ಮಾಡೋದು ಭಾರಿ ಕಷ್ಟ. ಹೋಟೆಲ್ ರೂಮಲ್ಲಿ ಬಳಸೋದಾದ್ರೆ ಗಾಢ ಬಣ್ಣದ್ದು ಬೇಡ, ಬಿಳಿ ಟವೆಲ್ಲಿಗೆ ಕಲೆ ಆದ್ರೆ ಬಿಲ್ಲಲ್ಲಿ ಸೇರಿಸ್ತಾರೆ.

ನೀರು ಎಷ್ಟು ಬಿಸಿ ಇರ್ಬೇಕು, ಎಷ್ಟು ಹೊತ್ತು ಕೂರ್ಬೇಕು?

ಇಡೀ ಮೈ ನೆನೆಸೋಕ್ಕೆ 37ರಿಂದ 39 ಡಿಗ್ರಿ. ಥರ್ಮಾಮೀಟರ್ ಇಲ್ದಿದ್ರೆ ಮೊಣಕೈ ಅದ್ದಿ ನೋಡಿ, ಹಿತವಾಗಿದ್ರೆ ಸರಿ, ಚುರುಕ್ ಅಂದ್ರೆ ತಣ್ಣೀರು ಬೆರೆಸಿ. ಅಂಗೈನ ನಂಬ್ಬೇಡಿ, ಪಾತ್ರೆ ಮುಟ್ಟಿ ಮುಟ್ಟಿ ಅದಕ್ಕೆ ಬಿಸಿ ಅಭ್ಯಾಸ ಆಗಿರತ್ತೆ. 15 ನಿಮಿಷ, ಜಾಸ್ತಿ ಅಂದ್ರೆ 20. ಅದಕ್ಕಿಂತ ಹೆಚ್ಚು ಕೂತ್ರೆ ಚರ್ಮದ ಎಣ್ಣೆ ಅಂಶ ಹೋಗಿ ಆಮೇಲೆ ತುರಿಕೆ ಶುರುವಾಗತ್ತೆ. ವಾರಕ್ಕೆ ಒಂದ್ಸಲ ಎರಡ್ಸಲ ಸಾಕು.

ಇದ್ರಿಂದ ನಿದ್ದೆ ಚೆನ್ನಾಗಿ ಬರತ್ತೆ ಅಂತಾರೆ, ನಿಜಾನಾ?

ಬಿಸಿನೀರಿಂದ ಬರತ್ತೆ, ಅದಕ್ಕೆ ಆಧಾರ ಇದೆ. ಆಸ್ಟಿನ್‌ನಲ್ಲಿರೋ ಟೆಕ್ಸಸ್ ವಿಶ್ವವಿದ್ಯಾಲಯದವ್ರು 2019ರಲ್ಲಿ ಅಲ್ಲಿತನಕ ನಡೆದಿದ್ದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ರು. ಮಲಗೋಕ್ಕೆ ಒಂದೆರಡು ಗಂಟೆ ಮುಂಚೆ 40ರಿಂದ 42.5 ಡಿಗ್ರಿ ನೀರಲ್ಲಿ 10 ನಿಮಿಷ ಇದ್ರೂ ಸರಾಸರಿ 10 ನಿಮಿಷದಷ್ಟು ಬೇಗ ನಿದ್ದೆ ಹತ್ತತ್ತೆ ಅಂತ ಕಂಡುಬಂತು. ಕಾರಣ ಏನಂದ್ರೆ ಬಿಸಿ ತಾಗಿದಾಗ ಅಂಗೈ ಅಂಗಾಲಿನ ರಕ್ತನಾಳ ಅಗಲ ಆಗತ್ತೆ, ಒಳಗಿನ ಶಾಖ ಅಲ್ಲಿಂದ ಆಚೆ ಹೋಗತ್ತೆ, ದೇಹದ ಒಳಗಿನ ಉಷ್ಣತೆ ಇಳಿಯತ್ತೆ, ಉಷ್ಣತೆ ಇಳಿದಾಗ್ಲೇ ದೇಹ ನಿದ್ದೆಗೆ ರೆಡಿಯಾಗೋದು. ಅಂಗಾಲು ನೆನೆಸಿದ್ರೂ ಇದೇ ದಾರೀಲಿ ಕೆಲ್ಸ ಮಾಡತ್ತೆ, ಅದಕ್ಕೇ ನಾನು ಟಬ್ ಇಲ್ಲ ಅಂತ ಕೊರಗ್ಬೇಡಿ ಅನ್ನೋದು. ಆ 42 ಡಿಗ್ರಿ ಎಲ್ರಿಗೂ ತಡೆಯಲ್ಲ, ನಿಮಗೆ ಹಿತ ಅನ್ಸಿದಷ್ಟೇ ಇಟ್ಕೊಳ್ಳಿ. ಮಲಗೋ ಹೊತ್ತಿಗೆ ಸರಿಯಾಗಿ ಮಾಡ್ಬೇಡಿ, ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು, ಒಂಬತ್ತು ಗಂಟೆ ಸುಮಾರಿಗೆ ಸರಿ.

ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆ. ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಕೂರ್ಬೋದಾ?

ಬೇಡ. ದಯವಿಟ್ಟು ಬೇಡ. ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದೋದಾದ್ರೆ ಇದನ್ನ ಓದಿ.

ಗ್ಯಾಸ್ ಗೀಸರ್ ಉರಿಯೋಕ್ಕೆ ಆಮ್ಲಜನಕ ಬೇಕು. ಮುಚ್ಚಿರೋ ಸಣ್ಣ ಬಾತ್‌ರೂಮಲ್ಲಿ ಅದು ಕಮ್ಮಿ ಆಗ್ತಾ ಬಂದ್ರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬರೋಕ್ಕೆ ಶುರುವಾಗತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ರಕ್ತದಲ್ಲಿರೋ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳತ್ತೆ. ಮೊದ್ಲು ತಲೆನೋವು, ಆಮೇಲೆ ತಲೆಸುತ್ತು, ಕೈಕಾಲಲ್ಲಿ ಶಕ್ತಿ ಇಲ್ದಂಗಾಗೋದು, ಚಿಲಕ ತೆಗೆಯೋಕ್ಕೂ ಆಗದ ಹಾಗೆ ಬಿದ್ದುಬಿಡೋದು. ಸ್ನಾನಕ್ಕೆ ಹೋದೋರು ಆಚೆ ಬರಲೇ ಇಲ್ಲ ಅಂತ ಚಳಿಗಾಲದಲ್ಲಿ ನಮ್ಮ ರಾಜ್ಯದ ಪೇಪರ್‌ಗಳಲ್ಲಿ ಸುದ್ದಿ ಬರ್ತಾನೇ ಇರತ್ತೆ. ಬಿಸಿನೀರಲ್ಲಿ ಮೈಮರೆತು ಕೂತಿರೋವಾಗ ಆ ತಲೆಭಾರಾನ ಆರಾಮ ಅಂದ್ಕೊಂಡುಬಿಡೋ ಅಪಾಯ ಇನ್ನೂ ಜಾಸ್ತಿ, ಅದ್ರ ಮೇಲೆ ಸೆಂಟಿನ ವಾಸನೆ ಬೇರೆ.

ಗ್ಯಾಸ್ ಗೀಸರ್ ಬಾತ್‌ರೂಮ್ ಆಚೆ, ಗಾಳಿಯಾಡೋ ಜಾಗದಲ್ಲಿ ಇರ್ಬೇಕು. ಸದ್ಯಕ್ಕೆ ಒಳಗೇ ಇದೆ ಅಂದ್ರೆ ಬಾಗಿಲು, ಕಿಟಕಿ ತೆಗೆದಿಟ್ಟು ನೀರು ಹಿಡಿದು, ಗೀಸರ್ ಆಫ್ ಮಾಡಿ, ಸಿಲಿಂಡರ್ ವಾಲ್ವ್ ಮುಚ್ಚಿ, ನೀರಿನ ಟಬ್ಬನ್ನ ಹಾಲಿಗೋ ಬಾಲ್ಕನಿಗೋ ತಗೊಂಡ್ಬಂದು ಕಾಲು ನೆನೆಸ್ಕೊಳ್ಳಿ. ಯಾರಿಗಾದ್ರೂ ತಲೆಸುತ್ತು ಅಂದ್ರೆ ಮೊದ್ಲು ಹೊರಗೆ ಗಾಳಿಗೆ ಕರ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ.

ವಾಟರ್ ಹೀಟರ್ ರಾಡ್ ಹಾಕೋರಿಗೂ ಒಂದು ಮಾತು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ರಾಡ್ ಆಚೆ ತೆಗೆದ್ಮೇಲೇನೇ ನೀರು ಮುಟ್ಟಿ. ರಾಡ್ ಇರೋವಾಗ ಬಾತ್ ಬಾಂಬ್ ಹಾಕ್ಲೇಬೇಡಿ.

ಟಬ್ ತುಂಬಾ ನೀರು ಹಾಕೋದು ತಪ್ಪಲ್ವಾ? ಬೆಂಗಳೂರಲ್ಲಿ ನೀರಿಗೇ ಕಷ್ಟ.

ಸರಿಯಾದ ಪ್ರಶ್ನೆ. ಸಾಧಾರಣ ಟಬ್ಬಿಗೆ 150 ಲೀಟರ್ ನೀರು ಬೇಕು. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿದ್ದು ಯಾರಿಗೂ ಮರೆತಿಲ್ಲ, ಟ್ಯಾಂಕರ್‌ಗೆ ಕಾದು ಕೂತಿದ್ದೂ ಮರೆತಿಲ್ಲ. ಕರೆಂಟ್ ಲೆಕ್ಕಾನೂ ನೋಡಿ: 150 ಲೀಟರ್ ನೀರನ್ನ 25ರಿಂದ 39 ಡಿಗ್ರಿಗೆ ತರೋಕ್ಕೆ ಹತ್ತಿರ ಹತ್ತಿರ ಎರಡೂವರೆ ಯೂನಿಟ್ ಬೇಕು, 60 ಡಿಗ್ರಿ ಗೀಸರ್ ನೀರೇ 60 ಲೀಟರ್ ಬೇಕಾಗತ್ತೆ, ಅಂದ್ರೆ ನಮ್ಮ 15 ಲೀಟರ್ ಗೀಸರ್ ನಾಲ್ಕು ಸಲ ಕಾಯ್ಬೇಕು, ಅಷ್ಟರಲ್ಲಿ ಮೊದಲು ಹಾಕಿದ್ದು ಆರಿಹೋಗಿರತ್ತೆ. ಕಾಲಿಗಾದ್ರೆ 10 ಲೀಟರ್ ನೀರು, ಕಾಲು ಯೂನಿಟ್ಟೂ ಬೇಡ. ಆನ್‌ಲೈನಲ್ಲಿ ಸಿಗೋ ಮಡಚೋ ಟಬ್ ತಗೊಳ್ಳೋ ಮುಂಚೆ ಈ ಲೆಕ್ಕ ಒಂದ್ಸಲ ನೆನಪು ಮಾಡ್ಕೊಳ್ಳಿ, ಜೊತೆಗೆ ಅಷ್ಟು ನೀರು ಅಂದ್ರೆ 150 ಕೆಜಿ ಭಾರ, ಬಾಲ್ಕನೀಲಿ ಇಡೋ ಯೋಚನೆ ಮಾಡ್ಬೇಡಿ.

ಬಳಸಿದ ನೀರನ್ನ ಕಮೋಡಿಗೆ ಹಾಕಿ. ಗಿಡಕ್ಕೆ ಬೇಡ, ಅದ್ರಲ್ಲಿರೋ ಸೋಡಿಯಂ ಕುಂಡದ ಮಣ್ಣಲ್ಲಿ ಸೇರ್ತಾ ಹೋದ್ರೆ ಬೇರಿಗೆ ಒಳ್ಳೇದಲ್ಲ.

ಬೋರ್‌ವೆಲ್ ನೀರಲ್ಲಿ ಕೆಲ್ಸ ಮಾಡತ್ತಾ?

ಮಾಡತ್ತೆ. ಬುಸ್ ಅನ್ನೋದಕ್ಕೆ ಗಡಸು ನೀರು ಅಡ್ಡಿ ಇಲ್ಲ. ಸಿಟ್ರೇಟ್ ಆ ನೀರಲ್ಲಿರೋ ಕ್ಯಾಲ್ಸಿಯಂನ ಸ್ವಲ್ಪ ಮಟ್ಟಿಗೆ ಹಿಡ್ಕೊಳ್ಳೋದ್ರಿಂದ ನೀರು ಕೈಗೆ ಒಂಚೂರು ನುಣುಪು ಅನ್ಸತ್ತೆ. ಸೋಪು ಮಾತ್ರ ಅದೇ ನೀರಲ್ಲಿ ಹಾಕ್ಬೇಡಿ, ಟಬ್ ಸುತ್ತ ಬಿಳಿ ಗಸಿ ಕೂರತ್ತೆ.

ಸೆನ್ಸಿಟಿವ್ ಸ್ಕಿನ್. ಉರಿ, ತುರಿಕೆ ಬರತ್ತಾ?

ಬರ್ಬೋದು, ಸಾಮಾನ್ಯವಾಗಿ ತೊಂದ್ರೆ ಕೊಡೋದು ಸೆಂಟು ಮತ್ತೆ ಬಣ್ಣ. ಎಸ್ಸೆನ್ಷಿಯಲ್ ಆಯಿಲ್, ಅಂದ್ರೆ ಹೂವು, ಎಲೆ, ಸಿಪ್ಪೆಯಿಂದ ತೆಗೆಯೋ ಗಾಢ ಪರಿಮಳದ ಎಣ್ಣೆ, ನ್ಯಾಚುರಲ್, ಅದಕ್ಕೇ ಸೇಫ್ ಅಂತ ಅಂದ್ಕೋಬೇಡಿ. ಲ್ಯಾವೆಂಡರ್‌ನಲ್ಲಿ ಲಿನಲೂಲ್, ನಿಂಬೆ ಕಿತ್ತಳೆ ಎಣ್ಣೇಲಿ ಲಿಮೊನೀನ್ ಇರತ್ತೆ, ಹಳೇದಾಗಿ ಗಾಳಿ ತಾಗಿ ಕೆಟ್ಟಾಗ ಇವೇ ಅಲರ್ಜಿ ಮಾಡೋದು. ಪಿಎಚ್ ಅಂದ್ರೆ ಹುಳಿತನದ ಅಳತೆ, 7ಕ್ಕಿಂತ ಕಮ್ಮಿ ಇದ್ರೆ ಹುಳಿ. ನಮ್ಮ ಚರ್ಮದ ಪಿಎಚ್ ಸುಮಾರು 5, ಅಂದ್ರೆ ಸ್ವಲ್ಪ ಹುಳಿ ಕಡೆಗೆ. ಸೋಡಾ ಜಾಸ್ತಿ ಇರೋ ನೀರು ಅದರ ಉಲ್ಟಾ. ಹಾಗಾಗಿ ಎಕ್ಸಿಮಾ, ಸೋರಿಯಾಸಿಸ್ ಇರೋರು, ಗಾಯ ಆಗಿರೋರು, ಅವತ್ತೇ ಶೇವಿಂಗ್ ಇಲ್ಲ ವ್ಯಾಕ್ಸಿಂಗ್ ಮಾಡ್ಸಿರೋರು ಬಿಟ್ಟುಬಿಡಿ. ಮೊದಲ ಸಲ ಆದ್ರೆ ಒಂದು ಮಗ್ ನೀರಲ್ಲಿ ಚೂರು ಪುಡಿ ಕರಗಿಸಿ ಮುಂಗೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಎಲ್ಲ ಆದ್ಮೇಲೆ ಬರೀ ನೀರು ಹುಯ್ಕೊಂಡು, ಮೈ ಪೂರ್ತಿ ಒಣಗೋ ಮುಂಚೆ ಎಣ್ಣೆನೋ ಮಾಯಿಶ್ಚರೈಸರ್ರೋ ಹಚ್ಕೊಳ್ಳಿ.

ಹೆಣ್ಮಕ್ಕಳು ಇದರಲ್ಲಿ ಕೂತ್ರೆ ಇನ್ಫೆಕ್ಷನ್ ಆಗತ್ತೆ ಅಂತಾರಲ್ಲ?

ಇದನ್ನ ಕೇಳೋಕ್ಕೆ ಸಂಕೋಚ ಪಡೋದು ಬೇಡ. ಯೋನಿಯ ಪಿಎಚ್ ಸಹಜವಾಗಿ 3.8ರಿಂದ 4.5, ಆ ಹುಳಿತನವೇ ಅದಕ್ಕೆ ರಕ್ಷಣೆ. ಸೋಡಾ, ಸೆಂಟು, ಬಣ್ಣ ಇರೋ ನೀರಲ್ಲಿ ತುಂಬಾ ಹೊತ್ತು ಕೂತ್ರೆ ಕೆಲವ್ರಿಗೆ ಉರಿ, ತುರಿಕೆ ಶುರುವಾಗತ್ತೆ. ಮೊದ್ಲಿಂದ್ಲೇ ಆಗಾಗ ವೈಟ್ ಡಿಸ್ಚಾರ್ಜ್, ಉರಿಮೂತ್ರ ಆಗೋರು ಟಬ್ಬಲ್ಲಿ ಕೂರೋ ಬದಲು ಕಾಲಿಗೆ ಮಾತ್ರ ಬಳಸಿ. ಆಗ್ಲೇ ಉರಿ ಇದ್ರೆ ಡಾಕ್ಟರ್ ಹತ್ರ ಹೋಗಿ, ಬಿಸಿನೀರಲ್ಲಿ ಕೂತ್ರೆ ಸರಿಹೋಗತ್ತೆ ಅಂತ ಕಾಯ್ಬೇಡಿ.

ಶುಗರ್, ಬಿಪಿ ಇರೋರು, ಬಸುರಿಯರು?

ಶುಗರ್ ಇರೋರು ಕಾಲು ನೆನೆಸಲೇಬೇಡಿ. ಇದನ್ನ ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಮನೆಗಳಲ್ಲಿ ಕಾಲು ನೋವು ಅಂತ ಬಿಸಿನೀರಲ್ಲಿ ಕಾಲಿಡೋದು ಹಿರಿಯರೇ ಜಾಸ್ತಿ, ಅವ್ರಲ್ಲೇ ಶುಗರ್ರೂ ಜಾಸ್ತಿ. ನರಗಳು ಜೋಮು ಹಿಡಿದಿರೋದ್ರಿಂದ ನೀರು ಸುಡ್ತಿದ್ರೂ ಗೊತ್ತಾಗಲ್ಲ, ಬೊಬ್ಬೆ ಬಂದ್ಮೇಲೇನೇ ಗೊತ್ತಾಗೋದು, ಆ ಗಾಯ ಬೇಗ ಮಾಗಲ್ಲ. ನೆನೆದ ಚರ್ಮ ಬಿರುಕು ಬಿಟ್ರೆ ಅಲ್ಲೇ ಇನ್ಫೆಕ್ಷನ್. ಅಪ್ಪ ಅಮ್ಮಂಗೆ ಆರಾಮ ಕೊಡ್ಬೇಕು ಅಂತಿದ್ರೆ ಬೆಚ್ಚಗಿನ ಒದ್ದೆ ಬಟ್ಟೇಲಿ ಪಾದ ಒರೆಸಿ, ಒಣಗಿಸಿ, ಮೆತ್ತಗೆ ಎಣ್ಣೆ ತಿಕ್ಕಿ, ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ.

ಬಿಪಿ ಮಾತ್ರೆ ತಗೊಳ್ಳೋರಿಗೆ ಬಿಸಿನೀರಿಂದ ಎದ್ದಾಗ ಬಿಪಿ ಇಳಿದು ತಲೆ ತಿರುಗ್ಬೋದು. ಹಾರ್ಟ್ ತೊಂದ್ರೆ ಇದ್ರೆ ಡಾಕ್ಟರನ್ನ ಕೇಳ್ಕೊಂಡೇ ಮಾಡಿ. ಬಸುರಿಯರು ಮೈಯೊಳಗಿನ ಉಷ್ಣತೆ 39 ಡಿಗ್ರಿ ದಾಟದ ಹಾಗೆ ನೋಡ್ಕೋಬೇಕು, ಅದ್ರಲ್ಲೂ ಮೊದಲ ಮೂರು ತಿಂಗಳು, ಹಾಗಾಗಿ ಉಗುರುಬೆಚ್ಚಗಿನ ನೀರು, 10 ನಿಮಿಷ, ಗಾಢವಾದ ಸೆಂಟ್ ಬೇಡ.

ಅಪ್ಪ ಅಮ್ಮ ಆರು ತಿಂಗಳಿಗೆ ಅಮೆರಿಕಕ್ಕೆ ಬಂದಿದಾರೆ. ಇಲ್ಲಿ ಟಬ್ ಇದೆ, ಅವ್ರಿಗೂ ಟ್ರೈ ಮಾಡ್ಸಬೋದಾ?

ಆಸೆ ಒಳ್ಳೇದೇ, ಆದ್ರೆ ಟಬ್ಬಿಗೆ ಇಳಿಯೋದು ಸುಲಭ, ಏಳೋದು ಕಷ್ಟ. ಬದುಕಿಡೀ ಬಚ್ಚಲಲ್ಲಿ ಮಣೆ ಮೇಲೆ ಕೂತು ಸ್ನಾನ ಮಾಡಿದೋರಿಗೆ ಆ ಎತ್ತರದ ಅಂಚು ದಾಟಿ ಕಾಲಿಡೋ ಅಭ್ಯಾಸ ಇರಲ್ಲ, ಮಂಡಿ ನೋವು ಬೇರೆ, ಅದ್ರ ಮೇಲೆ ಎಣ್ಣೆ ಇರೋ ಉಂಡೆ ಹಾಕಿದ್ರೆ ಟಬ್ಬು ಪಾಚಿ ಕಟ್ಟಿದ ಕಲ್ಲಿನ ಹಾಗೆ ಜಾರತ್ತೆ. ಒಳಗೆ ರಬ್ಬರ್ ಮ್ಯಾಟ್ ಹಾಕಿ, ಗೋಡೇಲಿ ಹಿಡ್ಕೊಳ್ಳೋಕ್ಕೆ ಗಟ್ಟಿ ರಾಡ್ ಇದ್ಯಾ ನೋಡಿ, ಬಾಗಿಲ ಚಿಲಕ ಹಾಕ್ಕೋಬೇಡಿ ಅಂತ ಹೇಳಿ. ಏಳೋ ಮುಂಚೆ ನೀರು ಪೂರ್ತಿ ಬಿಟ್ಟುಬಿಟ್ಟು, ಒಂದೆರಡು ನಿಮಿಷ ಕೂತಿದ್ದು, ಆಮೇಲೆ ಏಳ್ಲಿ. ಇಷ್ಟೆಲ್ಲ ತಲೆನೋವು ಬೇಡ ಅಂದ್ರೆ, ಶುಗರ್ ಇಲ್ದಿದ್ರೆ, ಟಬ್ ಅಂಚಲ್ಲಿ ಬೇಡ, ಸೋಫಾ ಮೇಲೇ ಕೂರ್ಸಿ ಕಾಲಿಗೆ ಒಂದು ಬಕೆಟ್ ಇಟ್ಕೊಡಿ.

ಮಕ್ಕಳಿಗೆ?

ತೀರಾ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ದೊಡ್ಡ ಮಕ್ಕಳು ಬುಸ್ ಅನ್ನೋದನ್ನ ನೋಡೋಕ್ಕೆ ಕುಣೀತಾರೆ, ನೋಡ್ಲಿ, ಒಂದು ಚೂರು ಹಾಕಿ ಐದು ನಿಮಿಷ ಆಡಿಸಿ, ಮಾಮೂಲಿ ನೀರು ಹುಯ್ದು ಕರ್ಕೊಂಡು ಬನ್ನಿ. ಒಳಗೆ ಆಟಿಕೆ ಇರೋ ಉಂಡೆ ಚಿಕ್ಕೋರಿಗೆ ಗಂಟಲಲ್ಲಿ ಸಿಕ್ಕೋ ಅಪಾಯ. ಕೆಲವು ಉಂಡೆ ನೋಡೋಕ್ಕೆ ಸ್ವೀಟ್ ಥರಾನೇ ಇರತ್ತೆ, ವಾಸನೆನೂ ಹಾಗೇ, ಕೈಗೆ ಎಟುಕದ ಕಡೆ ಇಡಿ.

ಕೊಳ್ಳೋವಾಗ ಏನು ನೋಡ್ಬೇಕು?

ನಮ್ಮಲ್ಲಿ ಕಾಸ್ಮೆಟಿಕ್ಸ್‌ಗೆ 2020ರ ನಿಯಮಗಳಿವೆ. ಲೇಬಲ್ಲಲ್ಲಿ ತಯಾರಕರ ಹೆಸರು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವಾಗ ಮಾಡಿದ್ದು, ಯಾವಾಗಿನೊಳಗೆ ಬಳಸ್ಬೇಕು, ಏನೇನು ಹಾಕಿದಾರೆ, ಎಲ್ಲ ಇರ್ಬೇಕು. ಇದ್ಯಾವುದೂ ಇಲ್ದೆ ಬರೀ ರಿಬ್ಬನ್ ಕಟ್ಟಿ ಕೊಟ್ರೆ ನಾನಂತೂ ಮೈಗೆ ಹಾಕಲ್ಲ. ಶ್ರೀಗಂಧದ್ದು ಅಂತ ಬರೆದಿರೋದು ಕಮ್ಮಿ ಬೆಲೆಗೆ ಸಿಕ್ರೆ ಅದು ಗಂಧದ ವಾಸನೆಯ ಸೆಂಟು ಅಂತ ತಿಳ್ಕೊಳ್ಳಿ, ಅಪ್ಪಟ ಗಂಧದೆಣ್ಣೆ ಅಷ್ಟು ಅಗ್ಗಕ್ಕೆ ಬರೋ ಮಾತೇ ಇಲ್ಲ. ಪ್ಲಾಸ್ಟಿಕ್ ಗ್ಲಿಟರ್ ಇರೋದು ತಗೋಬೇಡಿ, ಮೈಗಂಟಿದ್ದು ವಾರ ಆದ್ರೂ ಹೋಗಲ್ಲ, ಚರಂಡಿಗೆ ಹೋಗಿದ್ದು ಕೆರೆ ಸೇರತ್ತೆ. ಯೂರೋಪಲ್ಲಿ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೇ ತಡೆ ಹಾಕಿದಾರೆ. ಮಿನುಗು ಬೇಕೇ ಬೇಕು ಅಂದ್ರೆ ಅಭ್ರಕದ ಪುಡಿ ಇರೋದು ನೋಡಿ.

ಎಪ್ಸಮ್ ಸಾಲ್ಟ್ ಇದ್ರೆ ಮೈಯಿಂದ ವಿಷ ಎಲ್ಲ ಆಚೆ ಬರತ್ತಂತೆ?

ಇಲ್ಲ. ದೇಹದ ಕಲ್ಮಶ ಹೊರಗೆ ಹಾಕೋ ಕೆಲ್ಸ ಲಿವರ್ರು, ಕಿಡ್ನಿ ಮಾಡ್ತಾವೆ. ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟ್, ಅದು ಚರ್ಮದಿಂದ ಒಳಗೆ ಹೋಗಿ ಗುಣ ಮಾಡತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಸ್ನಾಯು ಸಡಿಲ ಆಗೋದು ಬಿಸಿನೀರಿಂದ.

ಮನೇಲೇ ಮಾಡ್ಕೋಬೋದಾ? ಅಳತೆ ಹೇಳಿ.

ಧಾರಾಳವಾಗಿ. ಅಂಗಡೀದಕ್ಕಿಂತ ತುಂಬಾ ಅಗ್ಗ, ಸೆಂಟ್ ಎಷ್ಟು ಹಾಕ್ಬೇಕು ಅನ್ನೋದು ನಿಮ್ಮ ಕೈಲೇ ಇರತ್ತೆ. 200 ಗ್ರಾಂ ಅಡುಗೆ ಸೋಡಾ, 100 ಗ್ರಾಂ ಸಿಟ್ರಿಕ್ ಆಸಿಡ್, 50 ಗ್ರಾಂ ಕಾರ್ನ್‌ಫ್ಲೋರ್, ಬೇಕಾದ್ರೆ 50 ಗ್ರಾಂ ಎಪ್ಸಮ್ ಸಾಲ್ಟ್, ಎರಡು ಟೀ ಸ್ಪೂನ್ ಕೊಬ್ಬರಿ ಎಣ್ಣೆ. ಸಿಟ್ರಿಕ್ ಆಸಿಡ್ ಕೇಕ್ ಸಾಮಾನು ಮಾರೋ ಅಂಗಡೀಲಿ ಸಿಗತ್ತೆ. ಸೋಡಾ ತರೋವಾಗ ಮಾತ್ರ ಹುಷಾರು, ಬಟ್ಟೆ ಒಗೆಯೋ ವಾಷಿಂಗ್ ಸೋಡಾ ಬೇರೆ, ಅದು ಚರ್ಮ ಸುಡತ್ತೆ, ಬೇಕಿಂಗ್ ಪೌಡರ್ರೂ ಬೇರೆ. ಪ್ಯಾಕೆಟ್ ಮೇಲೆ ಸೋಡಿಯಂ ಬೈಕಾರ್ಬೋನೇಟ್ ಅಂತ ಇರೋದೇ ಬೇಕು.

ಲೆಕ್ಕದ ಪ್ರಕಾರ 100 ಗ್ರಾಂ ಆಸಿಡ್‌ಗೆ 130 ಗ್ರಾಂ ಸೋಡಾ ಇದ್ರೆ ಎರಡೂ ಪೂರ್ತಿ ಮುಗಿದುಹೋಗತ್ತೆ, ನಾವು 200 ಹಾಕೋದು ಆಸಿಡ್ ಒಂಚೂರೂ ಉಳ್ಕೊಂಡು ಮೈ ಚುರುಚುರು ಅನ್ನದೆ ಇರ್ಲಿ ಅಂತ.

ಸಿಟ್ರಿಕ್ ಆಸಿಡ್ ಹರಳು ದಪ್ಪ ಇದ್ರೆ ಮಿಕ್ಸೀಲಿ ಒಂದು ಸುತ್ತು ತಿರುಗಿಸಿ, ಮುಚ್ಚಳ ತಕ್ಷಣ ತೆಗೀಬೇಡಿ, ಆ ಧೂಳು ಮೂಗಿಗೆ ಹೋದ್ರೆ ಕೆಮ್ಮು. ಪುಡಿಗಳನ್ನೆಲ್ಲ ಜರಡಿ ಹಿಡಿದು ಕಲಸಿ. ಎಣ್ಣೆ ಹನಿಹನಿಯಾಗಿ ಹಾಕ್ತಾ ಬೆರಳಲ್ಲಿ ಉಜ್ಜಿ, ಡಿಸೆಂಬರ್ ಚಳೀಲಿ ಎಣ್ಣೆ ಗಟ್ಟಿಯಾಗಿದ್ರೆ ಮೊದ್ಲು ಬೆಚ್ಚಗೆ ಮಾಡ್ಕೊಳ್ಳಿ. ಎಸ್ಸೆನ್ಷಿಯಲ್ ಆಯಿಲ್ ಹತ್ತು ಹನಿ ಮೀರಬಾರ್ದು. ಈಗ ಸ್ಪ್ರೇ ಬಾಟಲಲ್ಲಿ ನೀರು, ಒಂದೇ ಒಂದು ಪಫ್, ತಕ್ಷಣ ಕೈಯಾಡಿಸಿ, ಇನ್ನೊಂದು ಪಫ್, ಮತ್ತೆ ಕೈಯಾಡಿಸಿ. ಬುಸ್ ಅಂತ ಸದ್ದು ಬಂದ್ರೆ ನೀರು ಜಾಸ್ತಿ ಆಯ್ತು ಅಂತ. ಮುಷ್ಟೀಲಿ ಹಿಡಿದು ಬಿಟ್ರೆ ಗಟ್ಟಿಯಾಗಿ ನಿಲ್ಬೇಕು, ಬೆರಳಲ್ಲಿ ತಟ್ಟಿದ್ರೆ ಎರಡಾಗಿ ಮುರೀಬೇಕು, ಅದೇ ಹದ. ಸಣ್ಣ ಸ್ಟೀಲ್ ಬಟ್ಟಲಿಗೆ ಒತ್ತಿ ಒತ್ತಿ ತುಂಬಿ, ತಟ್ಟೆ ಮೇಲೆ ಬೋರಲು ಹಾಕಿ, ಬಟ್ಟಲ ತಳಕ್ಕೆ ಸ್ಪೂನಲ್ಲಿ ತಟ್ಟಿದ್ರೆ ಕಳಚ್ಕೊಳ್ಳತ್ತೆ. ಒಂದು ದಿನ ಪೂರ್ತಿ ಫ್ಯಾನ್ ಕೆಳಗೆ ಬಿಡಿ. ಸಣ್ಣ ಸಣ್ಣ ಬಟ್ಟಲು ತಗೊಂಡ್ರೆ ಒಡೆಯೋ ಕೆಲ್ಸಾನೂ ಇಲ್ಲ, ಕಾಲು ನೆನೆಸೋ ಒಂದು ಟಬ್ಬಿಗೆ ಒಂದು ಉಂಡೆ.

ನಾನು ಮಾಡಿದ್ದು ಉಬ್ಬಿ ಗುಳ್ಳೆ ಗುಳ್ಳೆ ಆಯ್ತು, ನೀರಿಗೆ ಹಾಕಿದ್ರೆ ಬುಸ್ಸೂ ಅನ್ಲಿಲ್ಲ.

ತೇವ. ಒಣಗೋ ಮುಂಚೇನೇ ಒಳಗೆ ರಿಯಾಕ್ಷನ್ ಆಗಿ ಗ್ಯಾಸ್ ಖಾಲಿ ಆಗಿದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯೋರು, ಮಲೆನಾಡೋರು ಜೂನಿಂದ ಸೆಪ್ಟೆಂಬರ್ ತನಕ ಮಾಡೋಕ್ಕೆ ಹೋಗ್ಲೇಬೇಡಿ, ಗಾಳಿಯಲ್ಲಿರೋ ತೇವವೇ ಸಾಕು ಹಾಳು ಮಾಡೋಕ್ಕೆ. ಬಳ್ಳಾರಿ, ಕಲಬುರಗಿ ಬಿಸಿಲಲ್ಲಿ ಈ ಕಾಟ ಇಲ್ಲ, ಅಲ್ಲಿ ಉಲ್ಟಾ, ನೀರು ಕಮ್ಮಿ ಆಗಿ ಬಿರುಕು ಬಿಡತ್ತೆ, ಒಂದು ಪಫ್ ಜಾಸ್ತಿ ಹಾಕಿ. ಒಣಗಿದ್ಮೇಲೆ ಪ್ಲಾಸ್ಟಿಕ್ ಫಿಲ್ಮಲ್ಲಿ ಬಿಗಿಯಾಗಿ ಸುತ್ತಿ ಡಬ್ಬೀಲಿಡಿ, ಹೊಸ ಶೂ ಬಾಕ್ಸಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಜೊತೆಗೆ ಹಾಕಿ. ಬಾತ್‌ರೂಮ್ ಶೆಲ್ಫಲ್ಲಿ ಮಾತ್ರ ಇಡ್ಬೇಡಿ.

ಬಣ್ಣಕ್ಕೆ ಅರಿಶಿನ ಹಾಕ್ಬೋದಾ?

ಆರತಿ ತಟ್ಟೆಗೆ ಓಕುಳಿ ಮಾಡೋವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಕೆಂಪಾಗತ್ತಲ್ಲ, ಸೋಡಾ ಜೊತೆಗೂ ಅದು ಕೆಂಪಿನ ಕಡೆ ತಿರುಗ್ಬೋದು. ನೋಡೋಕ್ಕೆ ಚೆನ್ನಾಗೇ ಇರತ್ತೆ, ಆದ್ರೆ ಟವೆಲ್ಲು, ಉಗುರು, ಟಬ್ಬು ಎಲ್ಲ ಕಲೆ. ಬಣ್ಣ ಹಾಕ್ದೆ ಬೆಳ್ಳಗೆ ಬಿಡೋದೇ ನನಗಿಷ್ಟ.

ಎಣ್ಣೆ ಸ್ನಾನದ ದಿನ ಇದನ್ನೂ ಹಾಕ್ಬೋದಾ?

ಬೇಡ ಅಂತೀನಿ. ನೀರು ತುಂಬೋ ಹಬ್ಬದ ದಿನ ಹಂಡೆ ತೊಳೆದು ನೀರು ತುಂಬಿಟ್ಟು, ಮಾರನೇ ದಿನ ನಸುಕಲ್ಲೇ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಉಜ್ಜಿ, ಸುಡೋ ಸುಡೋ ನೀರು ಹುಯ್ಯೋ ಸ್ನಾನಕ್ಕೆ ಅದರದ್ದೇ ವಾಸನೆ ಇದೆ, ಅದರದ್ದೇ ಸುಸ್ತು ಇದೆ. ಅದ್ರ ಮೇಲೆ ಲ್ಯಾವೆಂಡರ್ ಸೆಂಟ್ ಯಾಕೆ. ಬಾತ್ ಬಾಂಬ್ ಬೇರೆ ದಿನ ಇರ್ಲಿ.

ಶವರ್ ಸ್ಟೀಮರ್ ಅಂತ ಸಿಗತ್ತಲ್ಲ, ಅದೂ ಇದೇನಾ?

ರಿಯಾಕ್ಷನ್ ಅದೇ, ಬಳಸೋ ರೀತಿ ಬೇರೆ. ಅದನ್ನ ನೆಲದ ಮೂಲೇಲಿ ಇಡ್ತಾರೆ, ಶವರ್ ನೀರು ಸಿಡಿದು ಕರಗ್ತಾ ವಾಸನೆ ಬರತ್ತೆ. ಮೆಂಥಾಲ್, ನೀಲಗಿರಿ ಎಣ್ಣೆ ಜಾಸ್ತಿ ಇರೋದ್ರಿಂದ ನೀರಿಗೆ ಹಾಕಿ ಮೈ ನೆನೆಸ್ಬಾರ್ದು, ಚಿಕ್ಕ ಮಕ್ಕಳಿರೋ ಮನೇಲಿ, ಅಸ್ತಮಾ ಇರೋರಿಗೆ ಬೇಡ.

ಆಮೇಲೆ ಕ್ಲೀನ್ ಮಾಡೋದು ಹೇಗೆ?

ತಕ್ಷಣ ಮಾಡಿ, ಅಷ್ಟೇ ಗುಟ್ಟು. ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಸ್ಪಂಜು. ನೆಲಕ್ಕೆ ಚೆಲ್ಲಿರೋ ಎಣ್ಣೆ ನೀರನ್ನ ಒಣಬಟ್ಟೇಲಿ ಒರೆಸಿಬಿಡಿ, ನಿಮ್ಮ ಹಿಂದೆ ಬಾತ್‌ರೂಮಿಗೆ ಹೋಗೋರು ಜಾರಿ ಬೀಳ್ಬಾರ್ದು.

ಹಳೇದು, ಡೇಟ್ ಮುಗಿದಿದೆ. ಬಿಸಾಕೋದಾ?

ಮೈಗೆ ಬೇಡ, ಎಣ್ಣೆ ಕಮಟು ಹಿಡಿದಿರತ್ತೆ, ಸೆಂಟೂ ಹಳೇದಾಗಿರತ್ತೆ. ರಾತ್ರಿ ಮಲಗೋ ಮುಂಚೆ ಕಮೋಡೊಳಗೆ ಹಾಕಿ, ಬುಸ್ ಅಂದು ನಿಂತ್ಮೇಲೆ ಬ್ರಷ್ಷಲ್ಲಿ ಉಜ್ಜಿ ಫ್ಲಶ್ ಮಾಡಿ. ಆ ಹೊತ್ತಲ್ಲಿ ಬ್ಲೀಚು, ಹಾರ್ಪಿಕ್ಕು ಯಾವುದನ್ನೂ ಜೊತೆಗೆ ಹಾಕ್ಬೇಡಿ, ಬ್ಲೀಚಿಗೆ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ.